ದಂಡಿನ ಲಾರಿ

ಸೈನ್ಯದವರು ಇನ್ನು ಬೇಡವೆಂದು ಹರಾಜಿಗಿಟ್ಟ ಲಾರಿಯೊಂದನ್ನು ಕೊಂಡು, ಪುಣೆಯಿಂದ ನಮ್ಮ ಮನೆಯ ಅಂಗಳದವರೆಗೆ ಸುಮಾರು 700 ಕಿಲೋಮೀಟರು ಓಡಿಸಿಕೊಂಡು ಬಂದ ಸಂಗತಿಯನ್ನು ನಾನು ಅನೇಕ ಸಲ ಅನೇಕರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ನಗುವಿಗೆ ಎಡೆಗೊಡುವ ಭಾಗಗಳನ್ನಷ್ಟೇ ಹೇಳಿ ಉಳಿದುದನ್ನು ಬಿಟ್ಟುಬಿಟ್ಟಿದ್ದೇನೆ. ಲಾರಿ ಈಗಲೂ ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ನಿಂತಿದೆ. ಅದನ್ನು ನಡೆಸಿ ತಂದ ನಮ್ಮ ಭಾವನವರು 2011ರಲ್ಲಿ ತೀರಿಕೊಂಡರು. ಆದುದರಿಂದ ಬಿಟ್ಟುದನ್ನೂ ಸೇರಿಸಿ ಒಂದು ಸಲ ಬರೆದಿಡುವುದು ಒಳಿತೆಂದು ತೋರಿತು.

ನಮ್ಮ ಮನೆ ಇರುವುದು ಕೊಪ್ಪ ತಾಲ್ಲೂಕಿನ ಒಂದು ಮೂಲೆಯಲ್ಲಿ. ಡಾಂಬರಿನ ರಸ್ತೆಯಿಂದ ಮನೆಗೆ ಆರು ಮೈಲಿ. ಆ ಆರು ಮೈಲಿಯೊಳಗೆ ಎರಡು ಹಳ್ಳ, ಒಂದು ಜಂಬಿಟ್ಟಿಗೆಯ ಏರು. ಬೇಸಗೆಯಲ್ಲಿ ಎತ್ತಿನ ಗಾಡಿ ಬರುತ್ತಿತ್ತು. ಬಾಡಿಗೆಯ ಜೀಪೂ ಬಂದುದುಂಟು. ಜೂನ್ ತಿಂಗಳು ಕಾಲಿಟ್ಟಿತೆಂದರೆ ಕಂಬಳಿಕೊಪ್ಪೆ ಹಾಕಿಕೊಂಡು ಸಂಕದ ಮೇಲೆ ನಡೆದು ಬರುವವರಿಗೆ ಮಾತ್ರ ಆ ದಾರಿ. ದೀಪಾವಳಿಯವರೆಗೆ ಬೇಕಾದ ಉಪ್ಪು, ಸೀಮೆಎಣ್ಣೆ, ಔಷಧ ಎಲ್ಲವನ್ನೂ ಮೇ ತಿಂಗಳಲ್ಲಿಯೇ ತಂದು ತುಂಬಿಕೊಳ್ಳುವುದು ನಮ್ಮ ಹಿರಿಯರ ಕಾಲದಿಂದ ಬಂದ ರೂಢಿ. ಮನುಷ್ಯನ ದೇಹಕ್ಕೆ ಬರುವ ಕಾಯಿಲೆಯನ್ನು ಮಾತ್ರ ಹಾಗೆ ಮುಂಚಿತವಾಗಿ ತೀರಿಸಿಕೊಳ್ಳುವಂತಿಲ್ಲ. 1987ರ ಆಷಾಢದಲ್ಲಿ ನಮ್ಮ ಅಕ್ಕನಿಗೆ ಹೊಟ್ಟೆನೋವು ಬಂತು. ಎರಡು ದಿನ ಕಷಾಯ ಕುಡಿಸಿದರು. ಮೂರನೆಯ ರಾತ್ರಿ ಕುರ್ಚಿಗೆ ಬಿದಿರಿನ ಗಳು ಕಟ್ಟಿ, ಅವಳನ್ನು ಕೂರಿಸಿಕೊಂಡು ನಾಲ್ವರು ಹೊತ್ತು ಹೊರಟರು. ಡಾಂಬರಿನ ರಸ್ತೆಯನ್ನು ಮುಟ್ಟುವ ಮೊದಲೇ ಅವಳ ಪ್ರಾಣ ಹೋಯಿತು. ನಾನು ಆಗ ಶಿವಮೊಗ್ಗದಲ್ಲಿ ಉಪಾಧ್ಯಾಯರ ತರಬೇತಿಗೆಂದು ಹೋಗಿದ್ದೆ. ಸುದ್ದಿ ತಲಪಿ ನಾನು ಊರಿಗೆ ಬರುವ ಹೊತ್ತಿಗೆ ಎಲ್ಲವೂ ಮುಗಿದಿತ್ತು.

ಭಾವನವರು ಆ ನಾಲ್ವರಲ್ಲಿ ಒಬ್ಬರು. ಅವರು 1963ರಲ್ಲಿ ಸೈನ್ಯದ ಸರಬರಾಜು ವಿಭಾಗಕ್ಕೆ ಚಾಲಕರಾಗಿ ಸೇರಿ, ಬೆಂಗಳೂರಿನಲ್ಲಿ ತರಬೇತಿ ಪಡೆದು, 1980ರಲ್ಲಿ ಪಿಂಚಣಿಯ ಮೇಲೆ ಊರಿಗೆ ಮರಳಿದ್ದರು. ನಮ್ಮ ಮನೆಯ ಮಗ್ಗುಲಿನಲ್ಲಿಯೇ ಎರಡು ಎಕರೆ ಅಡಕೆ ತೋಟ ಮಾಡಿಕೊಂಡಿದ್ದರು. ಸ್ವಭಾವತಃ ಮಿತಭಾಷಿಗಳು, ಅಕ್ಕ ಹೋದ ಮೇಲೆ ಆ ಮಿತವೂ ಉಳಿಯಲಿಲ್ಲ. ದಿನವೆಲ್ಲ ತೋಟದಲ್ಲಿ ಕೆಲಸಮಾಡುವರು, ರಾತ್ರಿ ನಮ್ಮ ಜಗಲಿಯಲ್ಲಿ ಕುಳಿತು ಹಳೆಯ ಪತ್ರಿಕೆಗಳನ್ನು ಮೊದಲಿನಿಂದ ಕೊನೆಯವರೆಗೆ, ಜಾಹೀರಾತುಗಳನ್ನೂ ಬಿಡದೆ ಓದುವರು. 1990ರ ಮಾರ್ಚಿಯಲ್ಲಿ ಒಂದು ರಾತ್ರಿ ಪತ್ರಿಕೆಯನ್ನು ನನ್ನ ಕಡೆಗೆ ತಿರುಗಿಸಿ ಒಂದು ಪ್ರಕಟಣೆಯ ಮೇಲೆ ಬೆರಳಿಟ್ಟರು. ಪುಣೆಯ ಹೊರವಲಯದ ಸೈನ್ಯದ ಉಗ್ರಾಣವೊಂದರಲ್ಲಿ ಸೇವೆಯಿಂದ ತೆಗೆದ ವಾಹನಗಳ ಹರಾಜು ನಡೆಯುವುದೆಂದು ಅದರಲ್ಲಿ ಇತ್ತು.

"ಒಂದು ಟನ್ನಿನ ಗಾಡಿ ಸಿಕ್ಕರೆ ತರಬಹುದು ಮಾರಾಯ. ಅದಕ್ಕೆ ನಾಲ್ಕೂ ಚಕ್ರದಲ್ಲಿ ಎಳೆತ. ನಮ್ಮ ಏರು ಅದಕ್ಕೊಂದು ಏರಲ್ಲ" ಎಂದರು.

ಎರಡೂವರೆ ವರ್ಷಗಳಲ್ಲಿ ಅವರು ನನ್ನೊಡನೆ ಆಡಿದ ಅತ್ಯಂತ ದೀರ್ಘವಾದ ಮಾತು ಅದು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಅವರ ಪಿಂಚಣಿಯ ಉಳಿತಾಯ, ನಮ್ಮ ಆ ವರ್ಷದ ಅಡಕೆಯ ಹಣ, ಅದೂ ಸಾಲದೆ ನನ್ನ ಹೆಂಡತಿಯ ನಾಲ್ಕು ಬಳೆ, ಇವು ಸೇರಿ ನಮ್ಮ ಬಂಡವಾಳವಾಯಿತು. ಬಳೆಗಳನ್ನು ಕೊಡುವಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅದರಲ್ಲಿ ಮಲಗಿಕೊಂಡು ಹೋಗೋಕೆ ಜಾಗ ಇರುತ್ತದೆಯೇ?" ಆಗ ಅವಳು ನಮ್ಮ ಎರಡನೆಯ ಮಗುವಿಗೆ ಎರಡು ತಿಂಗಳ ಬಸುರಿ.

ನಮ್ಮ ತಂದೆಯವರು ಮಾತ್ರ ನಕ್ಕರು. ಅವರ ದೃಷ್ಟಿಯಲ್ಲಿ ಇದು ಹೊಸ ಸಾಹಸವೇನೂ ಆಗಿರಲಿಲ್ಲ. ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದ ಮೇಲೆ, ಅಮೆರಿಕದವರು ತಮ್ಮ ದೇಶಕ್ಕೆ ತಿರುಗಿ ಒಯ್ಯದೆ ಇಲ್ಲಿಯೇ ಬಿಟ್ಟುಹೋದ ಜೀಪುಗಳೂ ಲಾರಿಗಳೂ ಹೀಗೆಯೇ ಹರಾಜಾಗಿ ಮಲೆನಾಡಿಗೂ ಕೊಡಗಿಗೂ ಬಂದಿದ್ದುವು. 'ಡಿಸ್ಪೋಸಲ್ ಮಾಲು' ಎಂಬ ಮಾತು ಆಗ ಮನೆಮನೆಯಲ್ಲಿಯೂ ಕೇಳಿಬರುತ್ತಿತ್ತಂತೆ. ಯುದ್ಧದ ದಿನಗಳಲ್ಲಿ ಪೆಟ್ರೋಲಿಗೆ ಗತಿಯಿಲ್ಲದೆ, ಹಿಂಬದಿಯಲ್ಲಿ ಇದ್ದಿಲಿನ ಒಲೆಯನ್ನು ಕಟ್ಟಿಕೊಂಡು ಓಡುತ್ತಿದ್ದ ಬಸ್ಸುಗಳನ್ನು ಏರಿನಲ್ಲಿ ಇಳಿದು ತಳ್ಳಿದವರಿಗೆ, ವಿಲ್ಲಿಸ್ ಜೀಪು ನೆಗೆದು ಬೆಟ್ಟ ಹತ್ತಿದ್ದು ಪವಾಡದಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. "ಒಬ್ಬರನ್ನೊಬ್ಬರು ಕೊಲ್ಲೋದಕ್ಕೆ ಮಾಡಿದ ಗಾಡಿಯಲ್ಲಿ ನಾವು ಗೊಬ್ಬರ ಹೊತ್ತೆವು" ಎಂದು ತಂದೆಯವರು ಹೇಳುತ್ತಿದ್ದರು.

ಮೇ ತಿಂಗಳ ಮೊದಲ ವಾರ ನಾವಿಬ್ಬರೂ ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಮಿರಜಿನಲ್ಲಿ ಮೀಟರ್ ಗೇಜಿನ ಗಾಡಿಯಿಂದ ಇಳಿದು ದೊಡ್ಡ ಹಳಿಯ ಗಾಡಿಯನ್ನು ಹಿಡಿದು ಪುಣೆಗೆ ಹೋದೆವು. ಉಗ್ರಾಣದ ಬಯಲನ್ನು ನೋಡಿದಾಗ ನನಗೆ ಜಾತ್ರೆ ಮುಗಿದ ಮೇಲಿನ ದನದ ಪರಿಷೆಯ ನೆನಪಾಯಿತು. ಸಾಲುಸಾಲಾಗಿ ನಿಂತ ವಾಹನಗಳು. ಕೆಲವಕ್ಕೆ ಚಕ್ರವಿಲ್ಲ, ಕೆಲವಕ್ಕೆ ಮುಖವಿಲ್ಲ. ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಸಂಖ್ಯೆ. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಿಂದ ಜಬಲ್‌ಪುರದಲ್ಲಿ ಕಟ್ಟಿದ ದೊಡ್ಡ ಮೂತಿಯ ಶಕ್ತಿಮಾನ್ ಲಾರಿಗಳು, ಜಪಾನಿನ ನಿಸ್ಸಾನ್ ಕಂಪನಿಯ ಮಾದರಿಯಲ್ಲಿ ಅಲ್ಲಿಯೇ ಕಟ್ಟಿದ ಜೊಂಗಾಗಳು ಮತ್ತು ಒಂದು ಟನ್ನಿನ ಚಿಕ್ಕ ಲಾರಿಗಳು. ಕೊಳ್ಳಲು ಬಂದಿದ್ದವರೆಲ್ಲರೂ ಗುಜರಿಯ ವ್ಯಾಪಾರಿಗಳು. ಅವರು ಎಂಜಿನ್ನನ್ನು ನೋಡುತ್ತಿರಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಬಂದು ಕಣ್ಣಿನಲ್ಲಿಯೇ ಕಬ್ಬಿಣವನ್ನು ತೂಗುತ್ತಿದ್ದರು.

ಭಾವನವರದು ಬೇರೆ ಕ್ರಮ. ಅವರು ಪಂಚೆಯನ್ನು ಎತ್ತಿ ಕಟ್ಟಿ, ಹರಾಜಿಗಿದ್ದ ಹನ್ನೊಂದು ಚಿಕ್ಕ ಲಾರಿಗಳ ಕೆಳಗೂ ಒಂದಾದ ಮೇಲೊಂದರಂತೆ ತೂರಿದರು. ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಮೂಸಿದರು. ರೇಡಿಯೇಟರಿನ ನೀರಿನಲ್ಲಿ ಬೆರಳದ್ದಿ ಎಣ್ಣೆಯ ಜಿಡ್ಡಿದೆಯೇ ಎಂದು ತಿಕ್ಕಿ ನೋಡಿದರು. ಚಾಸಿಯ ಉದ್ದಕ್ಕೂ ಗೆಣ್ಣಿನಿಂದ ತಟ್ಟಿ, ವೈದ್ಯರು ಎದೆಯನ್ನು ತಟ್ಟಿ ಕೇಳುವಂತೆ ಕೇಳಿದರು. ಒಂಬತ್ತನೆಯದರ ಕೆಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ ಅದರ ನಂಬರಿನ ಹಲಗೆಯನ್ನು ಒರೆಸಿದರು. ಸೈನ್ಯದ ವಾಹನಗಳ ನಂಬರಿನಲ್ಲಿ ಮೇಲ್ಮುಖವಾದ ಒಂದು ಬಾಣ ಇರುತ್ತದೆ. ಸರಕಾರದ ಸ್ವತ್ತಿಗೆ ಬಾಣದ ಗುರುತು ಹಾಕುವುದು ಆಂಗ್ಲರ ಹಳೆಯ ಪದ್ಧತಿ. ಬಾಣದ ಮುಂದಿನ ಎರಡು ಅಂಕಿಗಳು ವಾಹನವು ಸೈನ್ಯಕ್ಕೆ ಸೇರಿದ ವರ್ಷವನ್ನು ಹೇಳುತ್ತವೆ. ಇದರಲ್ಲಿ 70 ಎಂದಿತ್ತು.

"ಇದು ಸಾಕು" ಎಂದರು.

ಮರುದಿನ ಸವಾಲು ನಡೆಯಿತು. 'ಇದ್ದಲ್ಲಿ ಇದ್ದಂತೆ' ಎಂಬುದು ಅಲ್ಲಿಯ ಮೊದಲನೆಯ ಷರತ್ತು. ಕೊಂಡ ಮೇಲೆ ಹೊಣೆ ಕೊಂಡವನದು. ಒಬ್ಬ ಮುದುಕ ವ್ಯಾಪಾರಿ ನಮ್ಮೊಡನೆ ಪೈಪೋಟಿಗೆ ನಿಂತು 31,000 ರೂಪಾಯಿಯವರೆಗೆ ಏರಿದ. ನಮ್ಮ ಗಂಟು ಅಲ್ಲಿಗೆ ಹೆಚ್ಚುಕಡಿಮೆ ಮುಗಿದಿತ್ತು. ನಾನು ಇನ್ನು ಐನೂರು ಸೇರಿಸಿ ಕಣ್ಣು ಮುಚ್ಚಿದೆ. ಮುದುಕ ಭಾವನವರ ಕಡೆಗೆ ತಿರುಗಿ, ಇದನ್ನು ಕೊಂಡು ಏನು ಮಾಡುತ್ತೀರೆಂದು ಹಿಂದಿಯಲ್ಲಿ ಕೇಳಿದ. "ಓಡಿಸುತ್ತೇನೆ" ಎಂದು ಇವರು ಉತ್ತರ ಕೊಟ್ಟರು. ಸುತ್ತಲಿನವರೆಲ್ಲ ಘೊಳ್ಳೆಂದು ನಕ್ಕರು. ಮುದುಕ ಮಾತ್ರ ನಗದೆ ಇವರ ಕೈಗಳನ್ನೂ ಎಣ್ಣೆಯಾದ ಪಂಚೆಯನ್ನೂ ನೋಡಿ, ತಲೆಯಾಡಿಸಿ ಹಿಂದೆ ಸರಿದ. ಆ ಕಬ್ಬಿಣದಲ್ಲಿ ಅವನಿಗೆ ಇನ್ನೂ ಲಾಭವಿತ್ತೆಂದು ಈಗಲೂ ನನ್ನ ನಂಬಿಕೆ.

ಹಣ ಕಟ್ಟಿ, ಕಾಗದಪತ್ರಗಳನ್ನು ಪಡೆದು, ತಾತ್ಕಾಲಿಕ ನೋಂದಣಿ ಮಾಡಿಸಿ, ಬಾಣವನ್ನೂ ಅಂಕಿಗಳನ್ನೂ ಕಪ್ಪು ಬಣ್ಣದಿಂದ ಅಳಿಸಿ ಹೊರಗೆ ಬರುವುದಕ್ಕೆ ಐದು ದಿನ ಹಿಡಿಯಿತು. ಆ ಐದು ದಿನಗಳನ್ನು ವರ್ಣಿಸಿ ಓದುಗರನ್ನು ದಣಿಸುವುದಿಲ್ಲ. ಲಾರಿಗೆ ಬ್ಯಾಟರಿ ಇರಲಿಲ್ಲ, ಸ್ಟೆಪ್ನಿ ಇರಲಿಲ್ಲ, ಮೇಲಿನ ಕ್ಯಾನ್ವಾಸು ಜರಡಿಯಾಗಿತ್ತು. ಪೇಟೆಯಲ್ಲಿ ಹಳೆಯ ಬ್ಯಾಟರಿಯೊಂದನ್ನು ತಂದು ಜೋಡಿಸಿ, ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದು, ಭಾವನವರು ಗುಂಡಿ ಒತ್ತಿದಾಗ ಅದು ನಾಲ್ಕು ಸಲ ಕೆಮ್ಮಿ, ಐದನೆಯ ಸಲಕ್ಕೆ ಆರೂ ಸಿಲಿಂಡರಿನಿಂದ ಒಂದೇ ಧ್ವನಿಯಲ್ಲಿ ಮಾತಾಡಿತು. ಕಾವಲಿನ ಸಿಪಾಯಿ ಕಾಗದ ನೋಡಿ, ಲಾರಿಯನ್ನು ನೋಡಿ, ಏತಕ್ಕೋ ಭಾವನವರಿಗೆ ಸಲಾಮು ಹೊಡೆದ. ಇವರ ಬಲಗೈ ತಾನಾಗಿಯೇ ಹಣೆಯವರೆಗೆ ಹೋಗಿ ಬಂತು.

ಈ ಲಾರಿಯನ್ನು ನಡೆಸುವುದು ಕೇವಲ ಚಕ್ರ ತಿರುಗಿಸುವ ಕೆಲಸವಲ್ಲ. ಗೇರು ಬದಲಿಸಬೇಕಾದರೆ ಕ್ಲಚ್ಚನ್ನು ಎರಡು ಸಲ ತುಳಿಯಬೇಕು: ಒಮ್ಮೆ ಹಳೆಯ ಗೇರಿನಿಂದ ಬಿಡಿಸುವುದಕ್ಕೆ, ಇನ್ನೊಮ್ಮೆ ಹೊಸದಕ್ಕೆ ಸೇರಿಸುವುದಕ್ಕೆ, ನಡುವೆ ಎಂಜಿನ್ನಿನ ವೇಗವನ್ನು ಕಿವಿಯಿಂದಲೇ ಅಳೆದು ಹೊಂದಿಸಬೇಕು. ತಪ್ಪಿದರೆ ಹಲ್ಲಿಗೆ ಹಲ್ಲು ಕಡಿದು ಊರಿಗೆಲ್ಲ ಕೇಳಿಸುತ್ತದೆ. ನಾನು ಕಾತ್ರಜ್ ಘಾಟಿನ ಬುಡದವರೆಗೆ ಪ್ರಯತ್ನಿಸಿ ಮಾನ ಕಳೆದುಕೊಂಡು ಪಕ್ಕದ ಆಸನಕ್ಕೆ ಸರಿದೆ. ಭಾವನವರ ಕೈಯಲ್ಲಿ ಅದು ಕಡಿದ ಸದ್ದು ಒಂದು ಸಲವೂ ಕೇಳಲಿಲ್ಲ. ಹತ್ತು ವರ್ಷದಿಂದ ಅವರು ಮುಟ್ಟಿದ್ದು ಗುದ್ದಲಿ, ಕತ್ತಿಗಳನ್ನು ಮಾತ್ರ.

ಖಂಬಾಟ್ಕಿ ಘಾಟಿನ ಅರ್ಧದಲ್ಲಿ, ಸುಡುಬಿಸಿಲಿನಲ್ಲಿ, ಲಾರಿ ನಿಂತಿತು. ಎಂಜಿನ್ನಿನ ಕಾವಿಗೆ ಕೊಳವೆಯೊಳಗಿನ ಪೆಟ್ರೋಲು ಆವಿಯಾದರೆ ಪಂಪು ಅದನ್ನು ಎಳೆಯಲಾರದು. ನನ್ನ ಶುಭ್ರವಾದ ಅಂಗವಸ್ತ್ರವನ್ನು ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿ, ಕಾಲು ಗಂಟೆ ಕಾದು, ಪುನಃ ಹೊರಟೆವು. ಆ ದಿನ ಹೀಗೆ ಮೂರು ಸಲವಾಯಿತು. ರಾತ್ರಿ ಸಾತಾರೆಯಲ್ಲಿ ಲಾರಿಯ ಹಲಗೆಯ ಮೇಲೆಯೇ ಮಲಗಿದೆವು. ಜರಡಿಯಾದ ಕ್ಯಾನ್ವಾಸಿನ ತೂತುಗಳಿಂದ ನಕ್ಷತ್ರಗಳು ಕಾಣುತ್ತಿದ್ದುವು. ಹೆಂಡತಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ಇಬ್ಬರು ಕಾಲು ಚಾಚಿ ಮಲಗಿದರೂ ಇನ್ನೊಬ್ಬರಿಗೆ ಜಾಗವಿತ್ತು.

ಎರಡನೆಯ ದಿನ ಕರಾಡದಲ್ಲಿ ಕೃಷ್ಣೆಯನ್ನೂ, ನಿಪ್ಪಾಣಿಯಲ್ಲಿ ಹೊಗೆಸೊಪ್ಪಿನ ವಾಸನೆಯನ್ನೂ ದಾಟಿ ಬೆಳಗಾವಿಯನ್ನು ಮುಟ್ಟಿದೆವು. ಗಡಿಯಲ್ಲಿ ಕಾಗದಗಳನ್ನು ನೋಡಿದ ಅಧಿಕಾರಿ, ಇದು ಎಷ್ಟು ಕೊಡುತ್ತದೆಂದು ಕೇಳಿದರು. ಲೀಟರಿಗೆ ಮೂರು ಕಿಲೋಮೀಟರು ಚಿಲ್ಲರೆ ಎಂದೆ. "ಹಾಗಾದರೆ ಲಾರಿಯ ಹಿಂದೆ ತೋಟವನ್ನೂ ಮಾರಬೇಕಾದೀತು" ಎಂದು ಸಹಾನುಭೂತಿ ತೋರಿಸಿದರು. ಊರು ಸೇರುವವರೆಗೆ ಕುಡಿದ ಪೆಟ್ರೋಲು 214 ಲೀಟರು; ಆ ಲೆಕ್ಕದ ಚೀಟಿ ಇನ್ನೂ ನನ್ನ ಬಳಿ ಇದೆ. ಸುಮಾರು ನಾಲ್ಕು ಲೀಟರು ಹಿಡಿಯುವ ಎಂಜಿನ್ನನ್ನು ಕಟ್ಟಿದವರು ಅಡಕೆ ಬೆಳೆಗಾರನ ಕಿಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿರಲಾರರು.

ಮೂರನೆಯ ದಿನ ಹುಬ್ಬಳ್ಳಿಯಲ್ಲಿ ಬ್ರೇಕು ಸೋರಲಾರಂಭಿಸಿ, ರಬ್ಬರಿನ ಒಂದು ಬಟ್ಟಲಿಗಾಗಿ ಅಂಗಡಿ ಅಂಗಡಿ ಸುತ್ತಿ ಅರ್ಧ ದಿನ ಕಳೆಯಿತು. ರಾಣೆಬೆನ್ನೂರಿಗೆ ಬಂದಾಗ ಕತ್ತಲೆ. ಅಲ್ಲಿಂದ ಹೆದ್ದಾರಿಯನ್ನು ಬಿಟ್ಟು ಹೊನ್ನಾಳಿಯ ದಾರಿ ಹಿಡಿದು ನಾಲ್ಕಾರು ಮೈಲಿ ಬಂದಿದ್ದೆವು. ಮುಂದಿನ ದೀಪಗಳೆರಡೂ ಒಮ್ಮೆಗೇ ಆರಿಹೋದುವು. ತಂತಿಗಳನ್ನು ಎಷ್ಟು ತಡಕಿದರೂ ಪ್ರಯೋಜನವಾಗಲಿಲ್ಲ. ಇಲ್ಲಿಯೇ ಬೆಳಗು ಮಾಡೋಣವೆಂದು ನಾನು ಹೇಳುತ್ತಿರುವಾಗ, ಹೆಂಚು ತುಂಬಿದ ಲಾರಿಯೊಂದು ಹಿಂದಿನಿಂದ ಬಂದು ನಿಂತಿತು. ಚಾಲಕ ಶಿವಮೊಗ್ಗಕ್ಕೆ ಹೋಗುವವನು. ನಿಧಾನವಾಗಿ ಹೋಗುತ್ತೇನೆ, ನನ್ನ ಬೆನ್ನು ಹಿಡಿದು ಬನ್ನಿ ಎಂದ. ಭಾವನವರು ಒಂದು ಕ್ಷಣ ಯೋಚಿಸಿ ಹೂಂ ಎಂದರು. ಅದು ವಿವೇಕದ ಕೆಲಸವಾಗಿರಲಿಲ್ಲ. ಇನ್ನೊಬ್ಬರು ಹೀಗೆ ಮಾಡಲೆಂದು ನಾನು ಹೇಳುತ್ತಿಲ್ಲ.

ಮುಂದಿನ ಲಾರಿಯ ಹಿಂಬದಿಯ ಒಂದೇ ಒಂದು ಕೆಂಪು ದೀಪ. ಅದರ ಹೊರತು ಜಗತ್ತಿನಲ್ಲಿ ಮತ್ತೇನೂ ಇರಲಿಲ್ಲ. ನಾನು ಆಸನದ ಸರಳನ್ನು ಬಿಗಿಯಾಗಿ ಹಿಡಿದು ಕುಳಿತಿದ್ದೆ. ಬಹಳ ಹೊತ್ತಿನ ಮೇಲೆ ಭಾವನವರು, ಕಣ್ಣನ್ನು ಆ ದೀಪದಿಂದ ತೆಗೆಯದೆ, ಮಾತನಾಡತೊಡಗಿದರು.

"ಎಪ್ಪತ್ತೊಂದರಲ್ಲಿ ಹೀಗೇ. ಧರ್ಮನಗರದಲ್ಲಿ ರೈಲು ಮುಗೀತದೆ. ಅಲ್ಲಿಂದ ಅಗರ್ತಲಾಕ್ಕೆ ಬೆಟ್ಟದ ದಾರಿ. ರಾತ್ರಿ ದೀಪ ಹಾಕೋ ಹಾಗಿಲ್ಲ. ನೀನು ನಮ್ಮ ಗಾಡಿಯ ಕೆಳಗೆ ನೋಡಿದೀಯಾ? ಹಿಂದಿನ ಆಕ್ಸಲಿನ ನಡುವೆ ಡಿಫರೆನ್ಷಿಯಲ್ಲಿನ ಗುಂಡು ಇದೆಯಲ್ಲ, ಅದಕ್ಕೆ ಬಿಳಿ ಬಣ್ಣ. ಅದರ ಮೇಲೆ ಸಣ್ಣದೊಂದು ದೀಪ. ಮೇಲಿಂದ ವಿಮಾನದವನಿಗೆ ಕಾಣ್ಸೋದಿಲ್ಲ, ಹಿಂದಿನ ಗಾಡಿಯವನಿಗೆ ಮಾತ್ರ ಕಾಣ್ತದೆ. ಅದು ರೂಪಾಯಿಯಷ್ಟು ಕಂಡರೆ ಸರಿ. ತಟ್ಟೆಯಷ್ಟು ಕಂಡರೆ ತೀರ ಹತ್ತಿರ. ನಕ್ಷತ್ರದ ಹಾಗೆ ಕಂಡರೆ ದೂರ ಆಯ್ತು, ದಾರಿ ತಪ್ಪೋದು ಹೌದು. ನಲವತ್ತು ಐವತ್ತು ಗಾಡಿ, ಒಬ್ಬನ ಬೆನ್ನಿಗೆ ಒಬ್ಬ. ರಾತ್ರಿಯೆಲ್ಲ ಆ ಬಿಳಿ ಗುಂಡು ನೋಡೋದೇ ಕೆಲಸ."

ಹರಾಜಿನ ಬಯಲಿನಲ್ಲಿ ಅವರು ಒಂಬತ್ತನೆಯ ಲಾರಿಯ ಕೆಳಗೆ ಅಷ್ಟು ಹೊತ್ತು ಏಕೆ ಇದ್ದರೆಂಬುದು ನನಗೆ ಆಗ ತಿಳಿಯಿತು. ಇದೇ ಗಾಡಿ ಆ ದಾರಿಯಲ್ಲಿ ಇದ್ದಿರಬಹುದೇ ಎಂದು ಕೇಳಿದೆ. "ಇದ್ದಿರಲೂಬಹುದು, ಇಲ್ಲದಿರಲೂಬಹುದು. ಇಂಥವು ಬೇಕಾದಷ್ಟಿದ್ದವು" ಎಂದರು. ಮತ್ತೆ ಒಂದೆರಡು ಮೈಲಿ ಮೌನ. ಹೊನ್ನಾಳಿಯ ಸೇತುವೆಯ ಮೇಲೆ ತುಂಗಭದ್ರೆಯ ತಂಪು ಗಾಳಿ ಮುಖಕ್ಕೆ ಬಡಿಯಿತು.

"ನಿನ್ನ ಅಕ್ಕನನ್ನು ಹೊತ್ತುಕೊಂಡು ಹೋದಾಗ ಮುಂದೆ ಹೋಗುತ್ತಿದ್ದ ಹುಡುಗನ ಕೈಯಲ್ಲಿ ಲಾಟೀನಿತ್ತು. ಎರಡನೆಯ ಹಳ್ಳದ ಹತ್ತಿರ ಗಾಳಿಗೆ ಗಾಜು ಒಡೆದು ಆರಿಹೋಯ್ತು. ಬೆಂಕಿಪೊಟ್ಟಣ ನೆನೆದಿತ್ತು. ಸಂಕದ ಮೇಲೆ ಕತ್ತಲೆಯಲ್ಲಿ ಹೊರುವ ಹಾಗಿಲ್ಲ. ಒಬ್ಬ ಓಡಿಹೋಗಿ ಬೇರೆ ದೀಪ ತರುವವರೆಗೆ ಮರದ ಬುಡದಲ್ಲಿ ಇಳಿಸಿಕೊಂಡು ನಿಂತೆವು. ಒಂದು ಗಂಟೆ ಆಗಿರಬಹುದು. 'ಬೇಗ ಹೋಗುವ' ಅಂತ ಎರಡು ಸಲ ಹೇಳಿದಳು. ಆಮೇಲೆ ಹೇಳಲಿಲ್ಲ."

ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು? ಮೂರು ವರ್ಷ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ. ಆ ರಾತ್ರಿ ಹೊತ್ತವರಾರೂ ಹೇಳಿರಲಿಲ್ಲ. ಶಿವಮೊಗ್ಗದ ಬೀದಿದೀಪಗಳು ಕಂಡ ಮೇಲೆ ಹೆಂಚಿನ ಲಾರಿಯವನು ಕೈಬೀಸಿ ಬೇರೆ ಬೀದಿಗೆ ತಿರುಗಿದ. ಭಾವನವರು ಒಂದು ಮರದ ಕೆಳಗೆ ಲಾರಿಯನ್ನು ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಚಕ್ರದ ಮೇಲೆ ತಲೆಯಿಟ್ಟು ಹಾಗೆಯೇ ನಿದ್ದೆಹೋದರು. ನನಗೆ ನಿದ್ದೆ ಬರಲಿಲ್ಲ.

ನಾಲ್ಕನೆಯ ದಿನ ಮಂಡಗದ್ದೆಯ ಮರಗಳ ನೆರಳಿನಲ್ಲಿ ಬಂದು, ತೀರ್ಥಹಳ್ಳಿಯಲ್ಲಿ ತುಂಗೆಯ ಕಮಾನು ಸೇತುವೆಯನ್ನು ದಾಟಿ, ಮಧ್ಯಾಹ್ನದ ಹೊತ್ತಿಗೆ ನಮ್ಮ ಕವಲುದಾರಿಗೆ ಬಂದೆವು. ಹಿಂದಿನ ರಾತ್ರಿ ಅಲ್ಲಿ ಒಂದು ಮಳೆ ಬಿದ್ದಿತ್ತು. ಭಾವನವರು ಇಳಿದು ದಾರಿಯನ್ನು ನೋಡಿ ಬಂದು, ಮುಂದಿನ ಗಾಲಿಗಳನ್ನೂ ಎಳೆತಕ್ಕೆ ಸೇರಿಸುವ ಸನ್ನೆಯನ್ನು ಎಳೆದರು. ಮೊದಲನೆಯ ಹಳ್ಳವನ್ನು ಲಾರಿ ನೀರು ಕುಡಿಯಲು ಇಳಿದ ಎಮ್ಮೆಯಂತೆ ನಿಧಾನವಾಗಿ ದಾಟಿತು. ಎರಡನೆಯ ಹಳ್ಳದ ಬಳಿ ಒಂದು ಕ್ಷಣ ನಿಲ್ಲಿಸಿದರು. ಏಕೆಂದು ನಾನು ಕೇಳಲಿಲ್ಲ. ಜಂಬಿಟ್ಟಿಗೆಯ ಏರಿನಲ್ಲಿ ಚಕ್ರಗಳು ಕೆಂಪು ಕೆಸರನ್ನು ಹಿಂದಕ್ಕೆ ಎರಚುತ್ತ, ಒಮ್ಮೆಯೂ ಜಾರದೆ, ಮನುಷ್ಯನ ನಡಿಗೆಯ ವೇಗದಲ್ಲಿ ಮೇಲೇರಿದುವು. ಅಮ್ಮ ಕುಂಕುಮದ ನೀರನ್ನು ನಿವಾಳಿಸಿ ಚೆಲ್ಲಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಊರಿನ ಮಕ್ಕಳೆಲ್ಲ ಹಿಂಬದಿಗೆ ಹತ್ತಿಬಿಟ್ಟರು. ತಂದೆಯವರು ಬಾನೆಟ್ಟಿನ ಮೇಲೆ ಕೈಯಿಟ್ಟು, "ಇದು ಬಿಸಿಯಾಗಿದೆ, ನೀರು ಕೊಡಿ" ಎಂದು ಎತ್ತಿಗೆ ಹೇಳುವಂತೆ ಹೇಳಿದರು.

ಇಷ್ಟಾದ ಮೇಲೂ ಒಂದು ತೊಡಕು ಉಳಿದಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೆಯದು, ರಕ್ಷಣಾ ಇಲಾಖೆಯದಲ್ಲದ ಯಾವ ವಾಹನಕ್ಕೂ ಸೈನ್ಯದ ಆ ಮಂಕು ಹಸುರು ಬಣ್ಣ ಇರಕೂಡದೆಂದು ಹೇಳುತ್ತದೆ. ಬಣ್ಣ ಬದಲಾಗದೆ ನೋಂದಣಿಯಿಲ್ಲ. ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು ಒಂದು ಬಗೆಯ ನೀಲಿ. ಭಾವನವರು ಮೂರು ದಿನ ಒಬ್ಬರೇ ಕುಳಿತು ಹಸುರನ್ನು ಉಜ್ಜಿ ತೆಗೆದು ನೀಲಿಯನ್ನು ಬಳಿದರು. ಸಹಾಯಕ್ಕೆ ಹೋದ ನನ್ನನ್ನು ಹಿಂದಕ್ಕೆ ಕಳುಹಿಸಿದರು. ಕೆಲಸ ಮುಗಿದ ಮೇಲೆ ಲಾರಿಯ ಕೆಳಗೆ ತೂರಿ, ಹಿಂದಿನ ಆಕ್ಸಲಿನ ಗುಂಡಿಗೆ ಹೊಸದಾಗಿ ಬಿಳಿ ಬಣ್ಣ ಹಾಕಿ, ಅದರ ಮೇಲಿನ ಸಣ್ಣ ದೀಪಕ್ಕೆ ಬಲ್ಬು ಸೇರಿಸಿದರು. ಅದಕ್ಕೆ ಯಾವ ನಿಯಮದ ಅಡ್ಡಿಯೂ ಬರಲಿಲ್ಲ.

ಆ ವರ್ಷ ಆಗಸ್ಟಿನ ಒಂದು ರಾತ್ರಿ ಹತ್ತು ಗಂಟೆಗೆ, ಹಳ್ಳದಾಚೆಯ ಮನೆಯವರ ಸೊಸೆಗೆ ತಿಂಗಳು ತುಂಬುವ ಮೊದಲೇ ನೋವು ಬಂತೆಂದು ಆಳು ಓಡಿಬಂದ. ಮಳೆ ಮೂರು ದಿನದಿಂದ ಹಿಡಿದದ್ದು ಬಿಟ್ಟಿರಲಿಲ್ಲ. ಲಾರಿಯ ಹಲಗೆಯ ಮೇಲೆ ಹುಲ್ಲು ಹರಡಿ, ಹಾಸಿಗೆ ಹಾಸಿ, ಹೊಸ ಕ್ಯಾನ್ವಾಸನ್ನು ಎಳೆದು ಕಟ್ಟಿದೆವು. ನನ್ನ ಹೆಂಡತಿ ತನ್ನ ಬಸುರನ್ನು ಲೆಕ್ಕಿಸದೆ ಆ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಡಾಂಬರಿನ ರಸ್ತೆ ಮುಟ್ಟಲು ಹಿಡಿದದ್ದು ಐವತ್ತು ನಿಮಿಷ. ಹನ್ನೆರಡಕ್ಕೆ ಮುಂಚೆ ಆಸ್ಪತ್ರೆಯ ಬಾಗಿಲಿನಲ್ಲಿದ್ದೆವು. ಬೆಳಗಿನ ಜಾವಕ್ಕೆ ಗಂಡು ಮಗು ಹುಟ್ಟಿತು. ಭಾವನವರು ಹೊರಗೆ ಲಾರಿಯಲ್ಲಿಯೇ ಕುಳಿತಿದ್ದರು. ಸುದ್ದಿ ಹೇಳಿದಾಗ ಎದ್ದು ರೇಡಿಯೇಟರಿಗೆ ನೀರು ಹಾಕಿದರು. ಡಿಸೆಂಬರಿನಲ್ಲಿ ನನ್ನ ಮಗಳು ಹುಟ್ಟುವಾಗ ದಾರಿ ಒಣಗಿತ್ತು. ಆದರೂ ಅವರು ಹಿಂದಿನ ದಿನವೇ ಬ್ಯಾಟರಿಯನ್ನು ತಿಕ್ಕಿ ಒರೆಸಿಟ್ಟಿದ್ದರು.

ಪೆಟ್ರೋಲ್ ಎಂಜಿನ್ನನ್ನು 1996ರಲ್ಲಿ ತೆಗೆದು ಡೀಸೆಲಿನದನ್ನು ಕೂರಿಸಿದೆವು. ಕೆಲವು ವರ್ಷಗಳ ಮೇಲೆ ಗ್ರಾಮ ಸಡಕ್ ಯೋಜನೆಯಲ್ಲಿ ನಮ್ಮ ದಾರಿಗೂ ಡಾಂಬರು ಬಿದ್ದು ಎರಡೂ ಹಳ್ಳಗಳಿಗೆ ಮೋರಿಗಳಾದುವು. ಈಗ ಲಾರಿ ಹೊರುವುದು ಗೊಬ್ಬರ, ಸೊಪ್ಪು, ಅಡಕೆಗೊನೆ ಇಷ್ಟನ್ನೇ. ಅದನ್ನು ಕೊಡುತ್ತೀರಾ ಎಂದು ಹಳೆಯ ವಾಹನಗಳ ಮೋಹವುಳ್ಳ ಬೆಂಗಳೂರಿನವರು ಆಗಾಗ್ಗೆ ಕೇಳಿಕೊಂಡು ಬರುತ್ತಾರೆ. ಹಸುರು ಬಣ್ಣ ಹೋದುದಕ್ಕೆ ಮರುಗುತ್ತಾರೆ. ಆಯುಧಪೂಜೆಯ ಹಿಂದಿನ ದಿನ ನಾನು ಗೋಣಿ ಹಾಸಿಕೊಂಡು ಅದರ ಕೆಳಗೆ ಹೋಗಿ, ಕೆಸರು ಒರೆಸಿ, ಆ ಗುಂಡಿಗೆ ಬಿಳಿ ಬಣ್ಣ ಹಚ್ಚುತ್ತೇನೆ. ನನಗೂ ಎಪ್ಪತ್ತು ಹತ್ತಿರವಾಯಿತು. ಕೆಳಗಿನಿಂದ ಹೊರಗೆ ಬರುವಾಗ ಸೊಂಟ ಹಿಡಿಯುತ್ತದೆ. ಕಳೆದ ವರ್ಷ ಮಗಳು ಬಂದು ಕೈಹಿಡಿದು ಎಳೆದಳು, ಬ್ರಷ್ಷನ್ನು ತಾನು ಇಸಕೊಂಡು ಉಳಿದರ್ಧವನ್ನು ಹಚ್ಚಿದಳು.